ತಟ್ಟೆ ಎಣಿಸಿದ ಮೋಹಿನಕ್ಕ

ನಮ್ಮ ಬಳಗದಲ್ಲಿ ಯಾರ ಬೆನ್ನಿಗೆ ಎಷ್ಟು ಜನ ಇದ್ದಾರೆ ಎಂದು ತಿಳಿಯಲು ಜ್ಯೋತಿಷ್ಯ ಕೇಳಬೇಕಾಗಿಲ್ಲ, ಮೋಹಿನಕ್ಕನನ್ನು ಕೇಳಿದರೆ ಸಾಕು. ಆದರೆ ಕೇಳುವುದನ್ನು ಸರಿಯಾಗಿ ಕೇಳಬೇಕು. ರೋಹಿದಾಸರು ತಪ್ಪು ಕೇಳಿದರು, ಮಣ್ಣು ಮುಕ್ಕಿದರು. ನನಗೆ ಅದರಲ್ಲಿ ಖುಷಿ ಉಂಟು, ಮುಚ್ಚಿಡುವುದಿಲ್ಲ.

ನಾನು ಕುವೈತಿನ ಕರಾವಳಿ ಬಳಗದ ಸ್ಮರಣ ಸಂಚಿಕೆಯ ಸಂಪಾದಕ. ಹೊಟ್ಟೆಪಾಡಿಗೆ ಪೇಟೆಯ ಮಿರ್ಕಾಬಿನಲ್ಲಿ ಗುಮಾಸ್ತಗಿರಿ, ವರ್ಷಕ್ಕೊಮ್ಮೆ ಸಂಪಾದಕಗಿರಿ. ಹದಿನಾಲ್ಕು ವರ್ಷದಲ್ಲಿ ಎಷ್ಟು ಜನರನ್ನು ‘ಸಮಾಜರತ್ನ’ ಮಾಡಿದ್ದೇನೆ ಎಂದು ನನಗೇ ನೆನಪಿಲ್ಲ. ಮೋಹಿನಕ್ಕ ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಆದರೂ ಊರಿಗೆಲ್ಲ ಅಕ್ಕ ಆದಮೇಲೆ ನನಗೂ ಅಕ್ಕನೇ. ಫಿಂಟಾಸಿನಲ್ಲಿ ಒಂದು ಕೋಣೆ ಅಡುಗೆಮನೆಯ ಫ್ಲಾಟಿನಲ್ಲಿ ಮಗಳು ಅಶ್ಮಿತಾಳ ಜೊತೆ ಇರುತ್ತಾಳೆ. ಬಳಗದಲ್ಲಿ ಅವಳಿಗೆ ಯಾವ ಪದವಿಯೂ ಇಲ್ಲ. ಅವಳ ಕೆಲಸ ಫೋನ್ ಮಾಡುವುದು.

ನಮ್ಮಲ್ಲಿ ಏನು ಕಾರ್ಯಕ್ರಮ ಆದರೂ ಊಟ ಉಂಟು. ಊಟ ಉಂಟು ಎಂದಾದರೆ ಎಷ್ಟು ತಟ್ಟೆ ಎಂದು ಮೊದಲೇ ಗೊತ್ತಾಗಬೇಕು, ಇಲ್ಲದಿದ್ದರೆ ಕೋರಿ ರೊಟ್ಟಿ ಸಾಲದೆ ಜಗಳ. ಹಾಗಾಗಿ ಪ್ರತಿ ಮನೆಗೂ ಫೋನ್ ಹೋಗಬೇಕು. ಪಟ್ಟಿ ಹಿಡಿದುಕೊಂಡು, ಒಂದು ಮನೆಯನ್ನೂ ಬಿಡದೆ, ಮೂರು ಪ್ರಶ್ನೆ ಕೇಳುವವಳು ಮೋಹಿನಕ್ಕ: ಎಷ್ಟು ಜನ, ಮೀನು ಮಾಂಸ ತಿನ್ನುವವರು ಎಷ್ಟು, ಬರಲಿಕ್ಕೆ ಗಾಡಿ ಉಂಟಾ. ಈ ಮೂರು ಪ್ರಶ್ನೆಯಲ್ಲಿ ಅವಳು ಮನೆಯ ಹೊಟ್ಟೆಯೊಳಗೆ ಹೋಗಿ ಬರುತ್ತಾಳೆ. ಯಾರ ಮನೆಯಲ್ಲಿ ಗಂಡ ಹೆಂಡತಿಗೆ ಮಾತಿಲ್ಲ, ಯಾರಿಗೆ ವೀಸಾ ಕೊಟ್ಟ ಕಫೀಲ್ ಸಂಬಳ ಹಿಡಿದಿದ್ದಾನೆ, ಎಲ್ಲ ಗೊತ್ತು. ಬಾಯಿ ಮಾತ್ರ ಬಿಡುವುದಿಲ್ಲ.

ಊಟಕ್ಕೆ ಕರೆದರೆ ಇಲ್ಲ ಎನ್ನುವ ಅಭ್ಯಾಸ ನಮ್ಮವರಿಗಿಲ್ಲ. ಶತ್ರು ಕರೆದರೂ “ಬರ್ತೇವೆ, ಬರ್ತೇವೆ” ಎನ್ನುತ್ತೇವೆ. ಇಲ್ಲ ಎಂದರೆ ಅವರಿಗೆ ಬೇಸರವಾಗುತ್ತದಂತೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಊಟ ಹಾಕುವವನು ತಾನೇ ಆದಾಗ ಎಲ್ಲರೂ ಅದನ್ನು ಮರೆಯುತ್ತಾರೆ, ತನ್ನ ತಟ್ಟೆಗೆ ಬಂದವರೆಲ್ಲ ತನ್ನವರು ಎಂದು ನಂಬುತ್ತಾರೆ. ರೋಹಿದಾಸರೂ ನಂಬಿದರು.

ಈಗ ಮೋಹಿನಕ್ಕನ ಹಗೆಯ ವಿಷಯಕ್ಕೆ ಬರುತ್ತೇನೆ.

ಅವಳ ಗಂಡ ಐತಪ್ಪ ಸೌದಿ ಗಡಿಯ ಹತ್ತಿರದ ವಫ್ರಾದ ತೋಟದಲ್ಲಿ ಪಂಪು ರಿಪೇರಿ ಮಾಡುತ್ತಿದ್ದ. ಹಸಿರುಮನೆಗಳಿಗೆ ನೀರು ನಿಂತರೆ ಅರ್ಧ ದಿನದಲ್ಲಿ ಸೌತೆ ಬಳ್ಳಿ ಸುಟ್ಟುಹೋಗುತ್ತದೆ, ಹಾಗಾಗಿ ವಾರವಿಡೀ ಅಲ್ಲೇ ಇದ್ದು ಶುಕ್ರವಾರ ಮಾತ್ರ ಮನೆಗೆ ಬರುತ್ತಿದ್ದ. ಒಂಬತ್ತು ವರ್ಷದ ಹಿಂದೆ ಆಗಸ್ಟಿನಲ್ಲಿ ಪಂಪಿನ ಶೆಡ್ಡಿನ ಬಾಗಿಲಲ್ಲೇ ಕುಸಿದ. ಆಸ್ಪತ್ರೆಗೆ ತಲುಪಿಸುವಾಗ ಜೀವ ಇರಲಿಲ್ಲ.

ಆಗ ಬಳಗದ ಸಾಂತ್ವನ ಸಮಿತಿಗೆ ರೋಹಿದಾಸರೇ ಮುಖ್ಯಸ್ಥರು. ಮಿರ್ಕಾಬಿನ ಕಂಪನಿಯೊಂದರಲ್ಲಿ ಮ್ಯಾನೇಜರು, ಅರಬ್ಬೀ ಚೆನ್ನಾಗಿ ಬರುತ್ತದೆ, ಒಳ್ಳೆಯ ಮೈಕಟ್ಟು, ಮೈಕ್ ಕಂಡರೆ ಕೈ ತಾನೇ ಮುಂದೆ ಹೋಗುತ್ತದೆ. ಸತ್ತವರನ್ನು ಊರಿಗೆ ಕಳಿಸಲು ಬೇಕಾದ ಕಾಗದ ಪತ್ರವೆಲ್ಲ ಒಂದು ನೀಲಿ ಫೈಲಿನಲ್ಲಿತ್ತು. ಎರಡನೆಯ ದಿನ ಬಂದು ಫೈಲನ್ನು ಅವಳ ಕೈಯಿಂದ ತಾವೇ ತೆಗೆದುಕೊಂಡರು. ಇನ್ನು ನೀವು ಏನೂ ನೋಡಬೇಡಿ, ಎಲ್ಲ ನನಗೆ ಬಿಡಿ ಎಂದರು. ಅವಳು ಬಿಟ್ಟಳು.

ಆ ವಾರ ಬಳಗದ ನಾಟಕ ಇತ್ತು. ಊರಿಂದ ಒಬ್ಬ ದೊಡ್ಡ ಅತಿಥಿ ಬಂದಿದ್ದರು, ಅವರಿಗೆ ಸಮುದ್ರ ತೋರಿಸುವುದು, ಮೀನು ಮಾರ್ಕೆಟ್ ತೋರಿಸುವುದು, ಹಾರ ತುರಾಯಿ, ಎಲ್ಲ ರೋಹಿದಾಸರ ಮೇಲೆ. ಮೋಹಿನಕ್ಕ ದಿನಾ ಫೋನ್ ಮಾಡುತ್ತಿದ್ದಳು. “ಆಗ್ತಾ ಉಂಟು ಅಕ್ಕ, ಕೆಲಸ ನಡೀತಾ ಉಂಟು” ಎಂಬ ಉತ್ತರ ದಿನಾ ಬರುತ್ತಿತ್ತು. ಒಂಬತ್ತನೆಯ ದಿನ ಬಾವಾಕುಂಞಿ, ವಫ್ರಾದಿಂದ ಪೇಟೆಗೆ ತರಕಾರಿ ತರುವ ನಮ್ಮ ಕಡೆಯ ಬ್ಯಾರಿ ಡ್ರೈವರು, ನಾಟಕದ ಸಾಮಾನು ಇಳಿಸಲು ರೋಹಿದಾಸರ ಕಾರಿನ ಬಾಗಿಲು ತೆರೆದ. ಹಿಂದಿನ ಸೀಟಿನಲ್ಲಿ ಹಾರದ ಪೆಟ್ಟಿಗೆಗಳ ಅಡಿಯಲ್ಲಿ ನೀಲಿ ಫೈಲು ಬಿದ್ದಿತ್ತು. ಒಂದು ಕಾಗದವೂ ಹೊರಗೆ ಬಂದಿರಲಿಲ್ಲ. ಬಾವಾಕುಂಞಿ ಯಾರನ್ನೂ ಕೇಳದೆ ಫೈಲು ಎತ್ತಿಕೊಂಡು ಹೋದ, ತನ್ನ ಕೆಲಸ ಬಿಟ್ಟು ಎರಡು ದಿನ ಕಚೇರಿಯಿಂದ ಕಚೇರಿಗೆ ಅಲೆದು ಎಲ್ಲ ಮಾಡಿಸಿದ.

ಹನ್ನೊಂದನೆಯ ದಿನ ಶವಪೆಟ್ಟಿಗೆ ಊರಿಗೆ ಹೊರಟಿತು. ರೋಹಿದಾಸರು ಸರಿಯಾದ ಹೊತ್ತಿಗೆ ಕಾರ್ಗೋ ಬಾಗಿಲಿಗೆ ಬಂದರು, ಜೊತೆಗೆ ಫೋಟೋಗ್ರಾಫರ್. ಪೆಟ್ಟಿಗೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. ಊರಿನಲ್ಲಿ ಪೆಟ್ಟಿಗೆ ತೆರೆಯಬೇಡಿ ಎಂದು ಜೊತೆಗಿದ್ದ ಚೀಟಿಯಲ್ಲಿ ಬರೆದಿತ್ತು, ಅಷ್ಟು ದಿನ ಆಗಿತ್ತಲ್ಲ. ಐತಪ್ಪನ ಮುಖವನ್ನು ಮಗಳಿಗೆ ತೋರಿಸಲಾಗಲಿಲ್ಲ. ಅಶ್ಮಿತಾಗೆ ಆಗ ಹದಿಮೂರು ವರ್ಷ, ಒಳಗಿರುವುದು ಅಪ್ಪನೇ ಹೌದಾ ಎಂದು ಅಮ್ಮನನ್ನು ಕೇಳಿದಳಂತೆ.

ಆ ವರ್ಷದ ಸಂಚಿಕೆಯ ಇಪ್ಪತ್ತಮೂರನೆಯ ಪುಟದಲ್ಲಿ ರೋಹಿದಾಸರು ಪೆಟ್ಟಿಗೆಯ ಮೇಲೆ ಕೈಯಿಟ್ಟ ಚಿತ್ರ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ‘ಆಪತ್ತಿಗಾದ ಬಂಧು’. ಆ ತಲೆಬರಹ ಕೊಟ್ಟ ಮಹಾನುಭಾವ ನಾನೇ. ಒಂದು ಫೋನ್ ಮಾಡಿ ನಿಜವಾ ಎಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಈ ವರ್ಷ. ಒಂಬತ್ತು ವರ್ಷ ಅವಳು ಉಸಿರೆತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಗಂಡ ಹೋದಮೇಲೆ ಇಲ್ಲಿ ಉಳಿಯಬೇಕಾದರೆ ಇಕಾಮಾ ಎಂಬ ವಾಸದ ಪರವಾನಗಿ ಬೇಕು, ಅದನ್ನು ಮಾಡಿಸಿಕೊಟ್ಟವರೂ ರೋಹಿದಾಸರೇ, ತಮ್ಮದೇ ಕಂಪನಿಯಲ್ಲಿ ಚಹಾ ಕೊಡುವ, ಫೋನ್ ಎತ್ತುವ ಕೆಲಸ. ಮಗಳ ಶಾಲೆ ಮುಗಿಯಬೇಕಿತ್ತು. ಪ್ರತಿ ವರ್ಷ ವೇದಿಕೆಯ ಮೇಲೆ ಅವರು ಬಳಗದ ಸೇವೆಯ ಬಗ್ಗೆ ಹೇಳುವಾಗ “ಬೇಕಾದ್ರೆ ನಮ್ಮ ಮೋಹಿನಕ್ಕನನ್ನೇ ಕೇಳಿ” ಎನ್ನುತ್ತಿದ್ದರು. ಇವಳು ಎದ್ದು ನಿಂತು ಕೈ ಮುಗಿಯುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದ್ದೇನೆ.

ಮಾರ್ಚಿನಲ್ಲಿ ಅಶ್ಮಿತಾಗೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಏಪ್ರಿಲಿನಲ್ಲಿ ಮೋಹಿನಕ್ಕ ಫಿಂಟಾಸಿನ ಒಂದು ಮಕ್ಕಳ ಶಾಲೆಗೆ ಇಕಾಮಾ ಬದಲಿಸಿಕೊಂಡಳು. ಅದರ ಮುಂದಿನ ಶುಕ್ರವಾರ ನನ್ನ ಮನೆಗೆ ಬಂದು, ಚೀಲದಿಂದ ಇಪ್ಪತ್ತಮೂರನೆಯ ಪುಟ ತೆಗೆದು ಮೇಜಿನ ಮೇಲಿಟ್ಟು, ಮೊದಲಿಂದ ಕೊನೆಯವರೆಗೆ ಹೇಳಿದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅವಳು ಅಳಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇನ್ನು ಏನು ಮಾಡುತ್ತಿ ಎಂದು ಕೇಳಿದೆ.

“ಅವ್ರಿಗೆ ಅಧ್ಯಕ್ಷ ಆಗ್ಬೇಕು ಅಂತ ಉಂಟಲ್ಲ, ಆಗ್ಲಿಕ್ಕಿಲ್ಲ” ಎಂದಳು.

ರೋಹಿದಾಸರಿಗೆ ಅಧ್ಯಕ್ಷಗಿರಿ ಹನ್ನೆರಡು ವರ್ಷದ ಕನಸು. ಬಳಗದಲ್ಲಿ ಎರಡು ಬಣ, ದೀಪ ಬಣ ಮತ್ತು ತೆನೆ ಬಣ. ತೆನೆ ಬಣದವರು ಈಗ ಒಂದು ಕಾರಿನಲ್ಲಿ ಹಿಡಿಸುವಷ್ಟು ಉಳಿದಿದ್ದಾರೆ. ಹಾಗಾಗಿ ದೀಪ ಬಣದ ಅಭ್ಯರ್ಥಿ ಯಾರೋ ಅವರೇ ಅಧ್ಯಕ್ಷರು, ನಿಜವಾದ ಚುನಾವಣೆ ಬಣದ ಒಳಗಿನದು. ಕುಟುಂಬಕ್ಕೊಂದು ಕಾರ್ಡು, ಕಾರ್ಡಿಗೊಂದು ಓಟು. ಒಂಟಿಯಾಗಿರುವವರಿಗೂ ಒಂದು. ಬಂದ ಓಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಸಿಗದಿದ್ದರೆ ಕೊನೆಯವರು ಬಿಟ್ಟುಹೋಗಬೇಕು, ಮುಂದಿನ ಶುಕ್ರವಾರ ಉಳಿದ ಇಬ್ಬರಿಗೆ ಮತ್ತೆ ಓಟು.

ಈ ನವೆಂಬರಿನಲ್ಲಿ ಮೂವರು ನಿಂತರು. ರೋಹಿದಾಸರು, ಆಸ್ಪತ್ರೆಯ ಲ್ಯಾಬಿನಲ್ಲಿರುವ ಕೊನ್ರಾಡ್, ಯಾರ ಮನಸ್ಸಿಗೂ ನೋವು ಮಾಡದ, ಯಾರ ಫೋನೂ ಎತ್ತದ ಮನುಷ್ಯ, ಮತ್ತೆ ಚಂದ್ರಪ್ರಭಾ ಟೀಚರ್, ಹೆಂಗಸರಿಗೂ ಒಮ್ಮೆ ಕುರ್ಚಿ ಸಿಗಲಿ ಎಂದು ನಿಂತವರು. ಮೂವರೂ ಒಂದೊಂದು ಊಟ ಇಟ್ಟರು. ಮೂವರಿಗೂ ತಟ್ಟೆ ಲೆಕ್ಕ ಮಾಡಿಕೊಟ್ಟವಳು ಮೋಹಿನಕ್ಕ, ಬೇರೆ ಯಾರಿಗೆ ಆ ಕೆಲಸ ಗೊತ್ತು?

ರೋಹಿದಾಸರ ಊಟಕ್ಕೆ ನೂರ ಮೂವತ್ತು ಮನೆಯವರು ಬರುತ್ತೇವೆ ಎಂದರು. ಅವಳು ನೂರ ಮೂವತ್ತು ಎಂದೇ ಹೇಳಿದಳು. ಅವರು ಕುಣಿದರು. ಮೊದಲ ಸುತ್ತಿಗೇ ಮುಗಿಯಿತು ಎಂದು ಕೋಟು ಹೊಲಿಯಲು ಕೊಟ್ಟರು, ಮನೆ ಮನೆಗೆ ಹೋಗುವುದನ್ನು ನಿಲ್ಲಿಸಿದರು. ವಫ್ರಾದ ತೋಟದಲ್ಲಿ ನಮ್ಮವರು ಇಪ್ಪತ್ತನಾಲ್ಕು ಜನ ಇದ್ದಾರೆ, ಅವರನ್ನು ಕರೆತರಲು ಬಸ್ ಬೇಕು. ಅದೂ ಬೇಡ ಎಂದರು.

ಮೋಹಿನಕ್ಕನ ಡೈರಿಯಲ್ಲಿ ಮಾತ್ರ ಬೇರೆ ಲೆಕ್ಕ ಇತ್ತು. ಬರುವವರಲ್ಲಿ ‘ಕೋರಿ ರೊಟ್ಟಿ ಉಂಟಾ’ ಎಂದು ಕೇಳಿದವರು ಊಟಕ್ಕೆ ಮಾತ್ರ. ‘ಬೇರೆ ಯಾರೆಲ್ಲ ಬರ್ತಾರೆ’ ಎಂದು ಕೇಳಿದವರು ಇನ್ನೂ ಬೇಲಿಯ ಮೇಲಿದ್ದಾರೆ. ‘ಎಷ್ಟು ಹೊತ್ತಿಗೆ ಬರ್ಬೇಕು, ಬಡಿಸ್ಲಿಕ್ಕೆ ಜನ ಬೇಕಾ’ ಎಂದವರು ಮಾತ್ರ ಓಟಿನವರು. ಅಂಥವರು ಎಂಬತ್ತು ಮನೆ ಎಂದು ಅವಳು ನನಗೆ ತೋರಿಸಿದ್ದಳು. ಸುಳ್ಳು ಹೇಳಿದ ಹಾಗಾಗಲಿಲ್ಲವಾ ಎಂದು ಕೇಳಿದೆ. ತಟ್ಟೆ ಎಷ್ಟು ಎಂದು ಕೇಳಿದರು, ತಟ್ಟೆ ಹೇಳಿದೆ, ಓಟು ಕೇಳಿದ್ದರೆ ಓಟು ಹೇಳುತ್ತಿದ್ದೆ ಎಂದಳು. ನನಗೆ ನಗು ತಡೆಯಲಾಗಲಿಲ್ಲ.

ಮೊದಲ ಶುಕ್ರವಾರ ಓಟಿನ ಪೆಟ್ಟಿಗೆ ತೆರೆದಾಗ ರೋಹಿದಾಸರಿಗೆ ಎಂಬತ್ತೊಂದು, ಕೊನ್ರಾಡರಿಗೆ ಐವತ್ತೆಂಟು, ಟೀಚರಿಗೆ ನಲವತ್ತಮೂರು. ಅರ್ಧ ದಾಟಲು ರೋಹಿದಾಸರಿಗೆ ಹನ್ನೊಂದು ಓಟು ಕಡಿಮೆ. ಅವರ ಮುಖ ಇಳಿದದ್ದನ್ನು ನೋಡಿ ನಾನು ಎರಡನೆಯ ಸಲ ಪಾಯಸ ಹಾಕಿಸಿಕೊಂಡೆ.

ಆದರೆ ಮನುಷ್ಯ ಗಟ್ಟಿ. ಮರುದಿನವೇ ಚಂದ್ರಪ್ರಭಾ ಟೀಚರ ಮನೆಗೆ ಹೋಗಿ ಉಪಾಧ್ಯಕ್ಷರ ಸ್ಥಾನ ನಿಮಗೇ ಎಂದರು. ಭಾನುವಾರ ವಾಟ್ಸಾಪಿನಲ್ಲಿ ಇಬ್ಬರೂ ಕೈಯೆತ್ತಿದ ಫೋಟೋ ಬಂತು. ನಾನು ಹತಾಶನಾಗಿ ಮೋಹಿನಕ್ಕನಿಗೆ ಫೋನ್ ಮಾಡಿ ಎಲ್ಲ ಖಲಾಸ್ ಎಂದೆ. ನಲವತ್ತಮೂರು ಆ ಕಡೆ ಬಿದ್ದರೆ ಇನ್ನೇನು ಉಳಿಯಿತು? ಅವಳು ಸಾವಕಾಶವಾಗಿ, ಓಟು ಟೀಚರ ಟಿಫಿನ್ ಡಬ್ಬಿಯಲ್ಲಿ ಇರುವುದಿಲ್ಲ, ಅವರು ಎತ್ತಿ ಕೊಡಲಿಕ್ಕೆ, ಎಂದಳು. ರೋಹಿದಾಸರು ಗುರುವಾರ ಎರಡನೆಯ ಊಟ ಇಟ್ಟಿದ್ದಾರೆ, ತಟ್ಟೆ ಲೆಕ್ಕಕ್ಕೆ ಪಟ್ಟಿ ಮತ್ತೆ ತನ್ನ ಕೈಗೇ ಬಂದಿದೆ ಎಂದೂ ಹೇಳಿದಳು. ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟ ಹಾಗೆ.

ಆ ಮೂರು ದಿನ ಅವಳು ಶಾಲೆ ಬಿಟ್ಟ ಮೇಲೆ ಡೈರಿ ನೋಡಿಕೊಂಡು ಟೀಚರ ಕಡೆಯ ನಲವತ್ತಮೂರು ಮನೆಗೂ ಫೋನ್ ಮಾಡಿದಳು. ಎಷ್ಟು ತಟ್ಟೆ ಎಂದು ಕೇಳಿ ಬರೆದುಕೊಂಡ ಮೇಲೆ, ಇದ್ದ ಸಂಗತಿ ಹೇಳಿದಳು: ನೀಲಿ ಫೈಲು, ಹಿಂದಿನ ಸೀಟು, ಹನ್ನೊಂದು ದಿನ, ತೆರೆಯದ ಪೆಟ್ಟಿಗೆ. ಯಾರಿಗೆ ಓಟು ಹಾಕಿ ಎಂದು ಒಬ್ಬರಿಗೂ ಹೇಳಲಿಲ್ಲ. ಫೋನ್ ಎತ್ತಿದವರು ಹೆಚ್ಚಾಗಿ ಹೆಂಗಸರು. ಪರದೇಶದಲ್ಲಿ ಗಂಡನಿಗೆ ಏನಾದರೂ ಆದರೆ ಫೈಲು ಯಾರ ಕೈಯಲ್ಲಿರುತ್ತದೆ ಎಂಬ ಹೆದರಿಕೆ ಇಲ್ಲದ ಮನೆ ಈ ಊರಿನಲ್ಲಿ ಇಲ್ಲ. ಕೆಲವರು ನಂಬಲಿಲ್ಲ, ಅನ್ನ ಕೊಟ್ಟವರಿಗೆ ಹೀಗೆ ಹೇಳುತ್ತೀಯಾ ಎಂದು ಬೈದರು. ರೋಹಿದಾಸರ ಕಿವಿಗೆ ಮಾತ್ರ ಯಾರೂ ಹಾಕಲಿಲ್ಲ, ಊಟ ಹಾಕುವವರಿಗೆ ಬೇಸರ ಮಾಡುವುದು ಹೇಗೆ? ಬೈದವರ ಹೆಸರಿನ ಮುಂದೆಯೂ ತಟ್ಟೆ ಎಷ್ಟು ಎಂದು ಸರಿಯಾಗಿ ಬರೆದುಕೊಂಡಳು.

ಬುಧವಾರ ಡೈರಿ ನೋಡಿದೆವು. ನಲವತ್ತಮೂರರಲ್ಲಿ ಇಪ್ಪತ್ತೈದು ಕೊನ್ರಾಡರ ಕಡೆ, ಹದಿನೆಂಟು ರೋಹಿದಾಸರ ಕಡೆ. ಕೂಡಿಸಿದರೆ ರೋಹಿದಾಸರಿಗೆ ತೊಂಬತ್ತೊಂಬತ್ತು, ಕೊನ್ರಾಡರಿಗೆ ಎಂಬತ್ತಮೂರು. ಹದಿನಾರು ಕಡಿಮೆ. ಉಳಿದದ್ದು ವಫ್ರಾದ ಇಪ್ಪತ್ತನಾಲ್ಕು. ಅವರೆಲ್ಲ ಐತಪ್ಪನ ಜೊತೆ ಕೆಲಸ ಮಾಡಿದವರು, ಇಲ್ಲವೆ ಅವನ ಕತೆ ಕೇಳಿದವರು, ಆ ಹನ್ನೊಂದು ದಿನ ಶವಾಗಾರದ ಹೊರಗೆ ಬಿಸಿಲಿನಲ್ಲಿ ಸರದಿಯ ಮೇಲೆ ಕಾದವರು. ಆದರೆ ತರುವುದು ಹೇಗೆ? ಆ ಕಡೆಗೆ ಬಸ್ಸು ಅಪರೂಪ, ಕೊನ್ರಾಡರಿಗೆ ಬಸ್ ಮಾಡುವ ಯೋಚನೆಯೇ ಬಂದಿರಲಿಲ್ಲ, ಫೋನಂತೂ ಎತ್ತಲಿಲ್ಲ.

ಆಗ ಮೋಹಿನಕ್ಕ ರೋಹಿದಾಸರಿಗೇ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಶುಕ್ರವಾರ ಓಟಿನ ದಿನದ ಮಧ್ಯಾಹ್ನದ ಊಟಕ್ಕೆ ವಫ್ರಾದಿಂದ ಇಪ್ಪತ್ತನಾಲ್ಕು ತಟ್ಟೆ ಉಂಟು ಅಣ್ಣ, ಗಾಡಿ ಇಲ್ಲವಂತೆ, ಎಂದಳು. ಆ ಕಡೆಯಿಂದ ಉತ್ಸಾಹದ ದನಿ ನನಗೂ ಕೇಳಿಸಿತು. ಐತಪ್ಪನನ್ನು ಊರಿಗೆ ಕಳಿಸಿದ್ದು ಯಾರು ಅಂತ ಅವರಿಗೆ ಗೊತ್ತಿಲ್ಲವಾ, ಅವರೆಲ್ಲ ನಮ್ಮವರೇ, ಬಸ್ ನಾನೇ ಕಳಿಸುತ್ತೇನೆ, ಎಂದರು. ಡ್ರೈವರು ಯಾರು ಎಂದು ಕೇಳಿದಳು. ವಫ್ರಾದ ದಾರಿ ಚೆನ್ನಾಗಿ ಗೊತ್ತಿರುವವನು ಬಾವಾಕುಂಞಿ ಅಲ್ಲವಾ, ಅವನನ್ನೇ ಹೇಳುತ್ತೇನೆ ಎಂದರು. ಅವಳು ಸರಿ ಅಣ್ಣ ಎಂದು ಫೋನ್ ಇಟ್ಟಳು.

ಶುಕ್ರವಾರ ಫಿಂಟಾಸಿನ ಬಾಡಿಗೆ ಹಾಲಿನ ಮುಂದೆ ಬಸ್ ನಿಂತಿತು. ಮುಂದಿನ ಗಾಜಿಗೆ ರೋಹಿದಾಸರ ದೊಡ್ಡ ಫೋಟೋ ಅಂಟಿಸಿತ್ತು. ಅವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಎರಡೂ ಕೈಯಿಂದ ಹಿಡಿದು ಇಳಿಸಿಕೊಂಡರು. ಇಪ್ಪತ್ತನಾಲ್ಕು ಜನ ಕೈ ಕೊಟ್ಟರು, ಒಳಗೆ ಹೋದರು, ಚೀಟಿ ಹಾಕಿದರು. ಆಮೇಲೆ ಸಾಲಾಗಿ ಕೂತು ಹೊಟ್ಟೆ ತುಂಬ ಉಂಡರು. ಬಾವಾಕುಂಞಿ ಮಾತ್ರ ಉಣ್ಣಲಿಲ್ಲ, ಬಸ್ಸಿನಲ್ಲೇ ಕೂತು ಮನೆಯಿಂದ ತಂದ ರೊಟ್ಟಿ ತಿಂದ.

ಎರಡೂವರೆಗೆ ಎಣಿಕೆ ಮುಗಿಯಿತು. ಕೊನ್ರಾಡ್ ನೂರ ಏಳು, ರೋಹಿದಾಸ ತೊಂಬತ್ತೊಂಬತ್ತು. ಡೈರಿಗೆ ಒಂದು ಓಟೂ ಹೆಚ್ಚು ಕಡಿಮೆ ಆಗಲಿಲ್ಲ. ಚಂದ್ರಪ್ರಭಾ ಟೀಚರ್ ಕೈಚೀಲ ಹುಡುಕುತ್ತಾ ಹಿಂದಿನ ಬಾಗಿಲಿಂದ ಹೋದರು. ಕೊನ್ರಾಡರ ಹೆಂಡತಿ ಮರ್ಸಿ ಕೇಕು ಹಿಡಿದುಕೊಂಡು ಮೋಹಿನಕ್ಕನ ಹತ್ತಿರ ಓಡಿ ಬಂದಳು. ನಿನ್ನ ಗಂಡ ಗೆಲ್ಲಬೇಕೆಂದು ನನಗೇನೂ ಇರಲಿಲ್ಲ, ಇನ್ನಾದರೂ ಫೋನ್ ಎತ್ತಲಿಕ್ಕೆ ಹೇಳು ಎಂದು ಇವಳು ಆಕೆಯ ಮುಖಕ್ಕೇ ಹೇಳಿದಳು. ಕೇಕು ಮಾತ್ರ ತೆಗೆದುಕೊಂಡಳು.

ಬಸ್ಸಿನ ಲೆಕ್ಕ ರೋಹಿದಾಸರ ತಲೆಗೆ ಹೋಗಲು ಹತ್ತು ನಿಮಿಷ ಬೇಕಾಯಿತು. ಹೋದಮೇಲೆ ನೇರ ಬಂದರು. ಮೋಹಿನಕ್ಕ ಹಾಲಿನ ಹಿಂದೆ ಉಳಿದ ತಟ್ಟೆ ಎಣಿಸುತ್ತಿದ್ದಳು, ನಾನು ಕಟ್ಟು ಕಟ್ಟುತ್ತಿದ್ದೆ. ಈ ಗಳಿಗೆಗೆ ನಾನು ಏಳು ತಿಂಗಳಿಂದ ಕಾದಿದ್ದೆ. ಅವಳು ಒಂಬತ್ತು ವರ್ಷದಿಂದ ಕಾದಿದ್ದಳು.

“ಮೋಹಿನಕ್ಕ, ನಾನು ನಿಮ್ಗೆ ಎಂತ ಮಾಡಿದ್ದೆ? ಕೆಲ್ಸ ಕೊಡ್ಸಿದೆ, ಇಕಾಮಾ ಮಾಡ್ಸಿದೆ” ಎಂದರು.

“ನಮ್ಮವರ ಫೈಲು ಏಳು ದಿನ ನಿಮ್ಮ ಕಾರಿನ ಹಿಂದಿನ ಸೀಟಲ್ಲಿ ಇತ್ತು, ಅಣ್ಣ. ನನ್ನ ಮಗಳು ಅಪ್ಪನ ಮುಖ ನೋಡ್ಲಿಲ್ಲ” ಎಂದಳು. ಎಣಿಸುವುದನ್ನು ನಿಲ್ಲಿಸಿದ್ದಳು.

ರೋಹಿದಾಸರು ಅವಳನ್ನೇ ನೋಡಿದರು. ಹುಬ್ಬು ಗಂಟಾಯಿತು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟರು, ಅದನ್ನು ನಾನು ಕಣ್ಣಾರೆ ನೋಡಿದೆ.

“ಯಾವ ಫೈಲು?” ಎಂದು ಕೇಳಿದರು.

ನಾಟಕವಲ್ಲ ಅದು. ನಾಟಕ ಮಾಡಿದ್ದರೆ ಅಲ್ಲೇ ನಾಲ್ಕು ಮಾತು ಬೈದು ಬಿಡುತ್ತಿದ್ದೆ. ಅವರಿಗೆ ನೆನಪೇ ಇರಲಿಲ್ಲ. ಅವಳು ದಿನಕ್ಕೊಮ್ಮೆ ಉರಿದುಕೊಂಡು ಬಂದದ್ದು ಅವರ ತಲೆಯಲ್ಲಿ ಒಂದು ದಿನವೂ ಇರಲಿಲ್ಲ. ಫೋಟೋ ತೆಗೆಸಿಕೊಂಡದ್ದು ಮಾತ್ರ ನೆನಪಿತ್ತು, ಪೆಟ್ಟಿಗೆಯ ಹತ್ತಿರ ಬಂದಿದ್ದೆನಲ್ಲ ಅಕ್ಕ ಎಂದು ಎರಡು ಸಲ ಹೇಳಿದರು. ಅವರು ಹೋದಮೇಲೆ ಮೋಹಿನಕ್ಕ ಮುಂದಿನ ತಟ್ಟೆ ಎತ್ತಿದಳು, ಎಣಿಕೆ ತಪ್ಪಿಹೋಗಿತ್ತು. ಗೆದ್ದ ದಿನ ಅವಳು ಅತ್ತಳು. ಸೋಲಿಸಿದರೂ ಆ ಮನುಷ್ಯನಿಗೆ ತಗಲಬೇಕಾದ್ದು ತಗಲಲೇ ಇಲ್ಲ ಎಂದು ಅತ್ತಳು.

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. “ಸಂಪಾದಕರೇ, ಇಪ್ಪತ್ತಮೂರನೇ ಪುಟ ನೀವು ಬರ್ದದ್ದಲ್ವಾ? ಇನ್ನೊಮ್ಮೆ ಬರೀರಿ” ಎಂದಳು.

ಹಾಗಾಗಿ ಇದನ್ನು ಬರೆದೆ. ಈ ವರ್ಷದ ಸಂಚಿಕೆಯಲ್ಲಿ ಇದು ಇಪ್ಪತ್ತಮೂರನೆಯ ಪುಟದಿಂದ ಶುರುವಾಗುತ್ತದೆ, ಮೇಲೆ ಅದೇ ಹಳೆಯ ಫೋಟೋ ಇರುತ್ತದೆ. ಅಚ್ಚಿಗೆ ಕೊಡುವ ಮೊದಲು ಮೋಹಿನಕ್ಕ ಓದಿ ಒಂದೇ ಕಡೆ ತಿದ್ದಿದಳು, ನಾನು ‘ಸುಮಾರು ಹತ್ತು ದಿನ’ ಎಂದು ಬರೆದಿದ್ದೆ, ಅದನ್ನು ಹೊಡೆದು ‘ಹನ್ನೊಂದು’ ಮಾಡಿದಳು. ಹೊಸ ಅಧ್ಯಕ್ಷ ಕೊನ್ರಾಡರು ಇಂಥದ್ದೆಲ್ಲ ಬೇಕಾ ಎಂದು ನನಗೆ ಫೋನ್ ಮಾಡಿದ್ದರು. ಈ ಸಲ ಫೋನ್ ಎತ್ತದೆ ಇದ್ದವನು ನಾನು.

ಮೊದಲ ಪ್ರತಿ ರೋಹಿದಾಸರ ಮನೆಗೆ ಹೋಗುತ್ತದೆ. ಕೊಂಡುಹೋಗುವವನು ಬಾವಾಕುಂಞಿ, ಹಿಂದಿನ ಸೀಟಿನಲ್ಲಿಟ್ಟು ಮರೆಯುವ ಜಾತಿಯ ಮನುಷ್ಯ ಅವನಲ್ಲ.